ಸಹಾಯ ಬೇಕು: ಇಮ್ಯಾಜಿಕಾ ಪಕ್ಕದ ಹೋಟೆಲಲ್ಲಿ ಎರಡು ರಾತ್ರಿ

ನಮಸ್ಕಾರ. ಮುಂಬೈ ಪಕ್ಕದ ಡೊಂಬಿವಲಿಯಿಂದ ನಾಲ್ಕು ಮನೆಯವರು, 8 ದೊಡ್ಡವರು 6 ಮಕ್ಕಳು, ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕಿಗೆ ಹೊರಟಿದ್ದೇವೆ. ಪಾರ್ಕಿಗೆ ಅಂಟಿಕೊಂಡೇ ಇರುವ ನೊವೊಟೆಲ್‌ನಲ್ಲಿ ಉಳಿದು ಒಂದು ದಿನ ಥೀಮ್ ಪಾರ್ಕ್, ಮರುದಿನ ವಾಟರ್ ಪಾರ್ಕ್ ಅಂತ ಲೆಕ್ಕ. ಎರಡಕ್ಕೂ ಟಿಕೆಟ್ ಬೇರೆ ಬೇರೆ.

ಮೊದಲ ತಲೆನೋವು ರೂಮಿನದು. ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ 5ರಿಂದ 18 ಶೇಕಡಕ್ಕೆ ಜಿಗಿಯುತ್ತದೆ. 7,400ರ ರೂಮಿಗೆ ತೆರಿಗೆ 370, 7,600ಕ್ಕೆ 1,368! ಬರೀ 200 ರೂಪಾಯಿ ವ್ಯತ್ಯಾಸಕ್ಕೆ ಒಟ್ಟು ಸುಮಾರು ಸಾವಿರದ ಇನ್ನೂರು ಹೆಚ್ಚು ಹೋಗುತ್ತದೆ. ತಿಂಡಿ ಸೇರಿದ ಪ್ಯಾಕೇಜಿನಲ್ಲಿ ರೂಮಿನ ದರವನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸುತ್ತಾರಾ? ಇತ್ತೀಚೆಗೆ ಉಳಿದವರು ಬಿಲ್ ನೋಡಿ ಹೇಳಿ.

ಎರಡನೆಯದು, ಬೆಳಿಗ್ಗೆ ಹೋಗಿ ಮುಟ್ಟಿದರೆ ಕೋಣೆ ಸಿಗುವುದು ಮಧ್ಯಾಹ್ನವೇ. ಅಲ್ಲಿವರೆಗೆ ಬ್ಯಾಗ್ ಹೋಟೆಲಲ್ಲೇ ಇಟ್ಟು ಪಾರ್ಕಿಗೆ ಹೋಗಬಹುದಾ? ಕೊನೆಯ ದಿನ ಇನ್ನೂ ಕಷ್ಟ: ವಾಟರ್ ಪಾರ್ಕಿನಿಂದ ನೆಂದು ಬರುವಷ್ಟರಲ್ಲಿ ರೂಮ್ ಖಾಲಿ ಮಾಡಿರಬೇಕು. ಸ್ನಾನ ಮಾಡಿ ಬಟ್ಟೆ ಬದಲಿಸಲು ಎಲ್ಲಿ ಬಿಡುತ್ತಾರೆ? (ಹತ್ತಿ ಬಟ್ಟೆ ನೀರಿಗೆ ನಡೆಯೋಲ್ಲ, ನೈಲಾನ್ ಒಯ್ಯುತ್ತಿದ್ದೇವೆ.)

ಮಕ್ಕಳಲ್ಲಿ ಒಬ್ಬನ ಎತ್ತರ 118 ಸೆಂಟಿಮೀಟರ್. ಅವನಿಗೆ ನೈಟ್ರೋ ರೋಲರ್ ಕೋಸ್ಟರ್ ಸಿಗೋಲ್ಲ, ಅದು ಗೊತ್ತು. ರಾಜಾಸಾರಸ್ ಅನ್ನುವ ದೋಣಿ ಸವಾರಿಗೆ ಬಿಡುತ್ತಾರಾ? ಅಳೆಯುವಾಗ ಚಪ್ಪಲಿ ಬಿಚ್ಚಿಸುತ್ತಾರಾ?

ಲೋಕಲ್ ರೈಲಿನಲ್ಲಿ ಬಂದು ಖೋಪೋಲಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ 14 ಜನಕ್ಕೆ ಗಾಡಿ ಯಾವುದು, ಎಷ್ಟು ಕೇಳುತ್ತಾರೆ ಅನ್ನುವುದನ್ನೂ ಬರೆಯಿರಿ.