ಪರ್ದಾವ್ ಅಂದರೆ ಎಷ್ಟು? ಈ ಹೆಸರು ಎಲ್ಲಿಯದು?

ಪ್ರಶ್ನೆ (ಬಸ್ರೂರಿನಿಂದ)
16ನೇ ಶತಮಾನದ ಪೋರ್ಚುಗೀಸ್ ಲೆಕ್ಕಪತ್ರಗಳ ಅನುವಾದ ಓದುತ್ತಿದ್ದೇನೆ. ಒಂದು ಕಡೆ ‘ಪರ್ದಾವ್’, ಇನ್ನೊಂದು ಕಡೆ ‘ಷೆರಾಫಿಂ’, ಒಟ್ಟು ಮೊತ್ತ ‘ರೇಯಿಸ್’ನಲ್ಲಿ. ಈ ಹಣವನ್ನು ವಿಜಯನಗರದ ಚಿನ್ನದ ವರಹಕ್ಕೆ ಹೊಂದಿಸುವುದು ಹೇಗೆ? ಪರ್ದಾವ್ ಪೋರ್ಚುಗೀಸ್ ಶಬ್ದವಾ?

ಉತ್ತರ 1
ಅಲ್ಲ, ನಮ್ಮ ಕಡೆಯದ್ದೇ. ಮೂಲ ಸಂಸ್ಕೃತದ ‘ಪ್ರತಾಪ’. ವಿಜಯನಗರದಲ್ಲಿ ಅರ್ಧ ವರಹದ ಚಿನ್ನದ ನಾಣ್ಯಕ್ಕೆ ಆ ಹೆಸರಿತ್ತು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅದನ್ನು ‘ಪರ್ತಾಬ್’ ಎಂದು ಬರೆದಿದ್ದಾನೆ. ಅಲ್ಲಿಂದ ಪರ್ದಾವ್‌ಗೆ ಬಹಳ ದೂರವಿಲ್ಲ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪೋರ್ಚುಗೀಸರು ಅರ್ಧದ ಹೆಸರನ್ನು ಪೂರ್ತಿ ವರಹಕ್ಕೂ ಹಚ್ಚಿದರು. ಕೃಷ್ಣದೇವರಾಯನ ವರಹವನ್ನೇ ನೋಡಿ: ತೂಕ ಸುಮಾರು 3.4 ಗ್ರಾಂ, ಮುಂದೆ ಕುಳಿತ ಬಾಲಕೃಷ್ಣ, ಹಿಂದೆ ನಾಗರಿಯಲ್ಲಿ ಮೂರು ಸಾಲು, ‘ಶ್ರೀ ಪ್ರತಾಪ ಕೃಷ್ಣರಾಯ’. ಪೂರ್ತಿ ವರಹದ ಮೇಲೂ ‘ಪ್ರತಾಪ’ ಉಂಟು! ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹೇಳುವ 360 ರೇಯಿಸ್‌ನ ಪರ್ದಾವ್ ಇಡೀ ವರಹವೇ. ಅದನ್ನು ಅರ್ಧ ಎಂದು ಹಿಡಿದರೆ ಲೆಕ್ಕವೆಲ್ಲ ಅರ್ಧಕ್ಕೆ ಇಳಿಯುತ್ತದೆ.

ಉತ್ತರ 2
ಮೇಲಿನದ್ದು ಚಿನ್ನದ ಪರ್ದಾವ್. ಗೋವೆಯ ಲೆಕ್ಕದಲ್ಲಿ ಬೆಳ್ಳಿಯದ್ದೂ ಇತ್ತು, ಅದೇ ಷೆರಾಫಿಂ. ಈ ಹೆಸರು ಅರಬ್ಬಿಯ ‘ಅಶ್ರಫಿ’ಯಿಂದ ಬಂದದ್ದು, ಈಜಿಪ್ಟಿನ ಸುಲ್ತಾನ ಅಶ್ರಫ್ ಬರ್ಸ್‌ಬಾಯ್ ಹೊರಡಿಸಿದ ಚಿನ್ನದ ನಾಣ್ಯ ಅದು. 60 ರೇಯಿಸ್‌ಗೆ ಒಂದು ತಂಗಾ, 5 ತಂಗಾಕ್ಕೆ ಒಂದು ಷೆರಾಫಿಂ, ಅಂದರೆ 300 ರೇಯಿಸ್. ಚಿನ್ನದ ಪರ್ದಾವ್‌ಗೆ 6 ತಂಗಾ.

ಹಾಗಾಗಿ ಮೊದಲು ಒಟ್ಟು ರೇಯಿಸನ್ನು ಪರ್ದಾವ್ ಸಂಖ್ಯೆಯಿಂದ ಭಾಗಿಸಿ. 360 ಬಂದರೆ ಚಿನ್ನ, 300 ಬಂದರೆ ಬೆಳ್ಳಿ. ಬೆಳ್ಳಿಯದ್ದಾದರೆ ನೇರವಾಗಿ ವರಹ ಎಂದು ಬರೆಯಲೇಬೇಡಿ.

ಉತ್ತರ 3
ಎರಡು ಎಚ್ಚರಿಕೆ. ‘ರೇಯಿಸ್’ ಎಂಬುದು ‘ರೆಯಾಲ್’ನ ಬಹುವಚನ, ಬೇರೆ ನಾಣ್ಯ ಅಲ್ಲ. ಮತ್ತೆ, ಕರಾವಳಿಯ ಕಪ್ಪದ ಪಟ್ಟಿಯಲ್ಲಿ ‘ಫಾರ್ದೊ’ ಕಂಡರೆ ಅದನ್ನು ಪರ್ದಾವ್ ಎಂದು ಓದಬೇಡಿ. ಫಾರ್ದೊ ಎಂದರೆ ಹೊರೆ, ಮೂಟೆ. ಬಸ್ರೂರು, ಮಂಗಳೂರಿನಿಂದ ಪೋರ್ಚುಗೀಸರು ಕೇಳಿದ್ದು ಅಕ್ಕಿ. ಪಕ್ಕದಲ್ಲಿ ‘ಅರ್ರೋಜ್’ ಎಂದಿದ್ದರೆ ಅದು ಅಕ್ಕಿಯೇ, ಹಣವಲ್ಲ.

ಪ್ರಶ್ನೆ ಕೇಳಿದವರು
ಭಾಗಿಸಿ ನೋಡಿದೆ. 180 ಪರ್ದಾವ್‌ಗೆ 54,000 ರೇಯಿಸ್ ಎಂದಿದೆ, ಬೆಳ್ಳಿಯದ್ದೇ. ಕೆಳಗಿನ ಸಾಲಿನಲ್ಲಿ ನಾನು ಹಣ ಎಂದುಕೊಂಡದ್ದು ಫಾರ್ದೊ. ತಿದ್ದಿಕೊಂಡೆ, ಧನ್ಯವಾದ.