1921ರಲ್ಲಿ ಅಮೆರಿಕಕ್ಕೆ ಹೋದ ಬಂಧುವಿನ ಪೌರತ್ವದ ಕಾಗದಪತ್ರಗಳನ್ನು ಎಲ್ಲಿ ಹುಡುಕಬೇಕು?

ತುಂಗಾತೀರ:
ನಮ್ಮ ಮುತ್ತಜ್ಜನ ತಮ್ಮ 1921ರಲ್ಲಿ ಎಂಜಿನಿಯರಿಂಗ್ ಓದಲೆಂದು ಮೈಸೂರಿನಿಂದ ಅಮೆರಿಕಕ್ಕೆ ಹೋದವರು ಮರಳಿ ಬರಲಿಲ್ಲ. ಡೆಟ್ರಾಯಿಟ್‌ನ ಅಂಚೆ ಮುದ್ರೆಯಿರುವ 1938ರ ಒಂದು ಲಕೋಟೆಯನ್ನು ಬಿಟ್ಟರೆ ಮನೆಯಲ್ಲಿ ಅವರದೆಂಬುದು ಏನೂ ಇಲ್ಲ. ಅವರು ಅಲ್ಲಿಯ ಪೌರರಾದರೆಂದು ಅಜ್ಜಿ ಹೇಳುತ್ತಿದ್ದರು. ಆದರೆ 1938ರ ವರೆಗಿನ ಪೌರತ್ವದ ಸೂಚಿಗಳಲ್ಲಿ ಅವರ ಹೆಸರು ಸಿಗುತ್ತಿಲ್ಲ. ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಕಡತಪ್ರಿಯ:
ಆ ಅವಧಿಯಲ್ಲಿ ಅವರ ಹೆಸರು ಸಿಗುವ ಸಂಭವ ತೀರ ಕಡಿಮೆ. ಪೌರತ್ವಕ್ಕೆ ಐದು ವರ್ಷಗಳ ವಾಸ ಬೇಕಿತ್ತು. ಅದು ತುಂಬುವ ಮೊದಲೇ, 1923ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು, ಅದುವರೆಗೆ ಪೌರತ್ವ ಪಡೆದಿದ್ದ ಹಲವರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಮತ್ತೆ ಅವಕಾಶ ದೊರೆತದ್ದು 1946ರ ಜುಲೈಯಲ್ಲಿ, ಲ್ಯೂಸ್-ಸೆಲ್ಲರ್ ಕಾಯ್ದೆ ಬಂದಾಗ.

ಈ ಅನ್ಯಾಯದ ಕಾರಣದಿಂದಲೇ ನಿಮಗೆ ಬೇಕಾದ ಒಂದು ದಾಖಲೆ ಹುಟ್ಟಿರಬೇಕು. ಹದಿನಾಲ್ಕು ವರ್ಷ ತುಂಬಿದ ಪ್ರತಿಯೊಬ್ಬ ವಿದೇಶೀಯನೂ ನೋಂದಾಯಿಸಿಕೊಂಡು ಬೆರಳಚ್ಚು ಕೊಡಬೇಕೆಂದು 1940ರಲ್ಲಿ ಅಮೆರಿಕ ಕಾನೂನು ಮಾಡಿತು. ಆಗ ಅವರು ಅಲ್ಲಿದ್ದರೆ, ಪೌರರಾಗುವ ದಾರಿಯೇ ಮುಚ್ಚಿದ್ದರಿಂದ, ಎಆರ್-2 ಎಂಬ ಆ ನಮೂನೆಯನ್ನು ತುಂಬಲೇಬೇಕಾಗಿತ್ತು. ಹುಟ್ಟಿದ ಊರು, ಬಂದ ದಿನಾಂಕ, ಹಡಗು, ಉದ್ಯೋಗ ಇವೆಲ್ಲ ಅದರಲ್ಲಿರುತ್ತವೆ. ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ವಂಶಾವಳಿ ವಿಭಾಗಕ್ಕೆ ಶುಲ್ಕ ಕಟ್ಟಿ, ಮೊದಲು ಸೂಚಿಯಲ್ಲಿ ಹುಡುಕಿಕೊಡುವಂತೆ ಕೇಳಿ. ಅವರು ಹುಟ್ಟಿ ನೂರು ವರ್ಷ ಕಳೆದಿರುವುದರಿಂದ ಮರಣದ ಪುರಾವೆ ಬೇಕಾಗುವುದಿಲ್ಲ.

ಹಳೆಯ ಹಡಗು:
ಕಡತಪ್ರಿಯರ ಮಾತಿಗೆ ಒಂದು ಸೇರಿಸಬೇಕು. ಪೌರನಾಗುವ ಇಚ್ಛೆಯಿದೆಯೆಂದು ಮೊದಲು ಸಲ್ಲಿಸುವ, ‘ಮೊದಲ ಕಾಗದ’ ಎನ್ನುತ್ತಿದ್ದ ಉದ್ದೇಶ ಘೋಷಣೆಗೆ ಐದು ವರ್ಷ ಕಾಯಬೇಕಾಗಿರಲಿಲ್ಲ, ಆದ್ದರಿಂದ 1921ರಿಂದ 1923ರೊಳಗೆ ಅವರು ಅದನ್ನು ಸಲ್ಲಿಸಿದ್ದರೂ ಸಲ್ಲಿಸಿರಬಹುದು. 1946ರ ನಂತರದ ಘೋಷಣೆ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ 1929ರಿಂದ ಆ ಕಾಗದಕ್ಕೆ ಅರ್ಜಿದಾರರ ಭಾವಚಿತ್ರ ಅಂಟಿಸುತ್ತಿದ್ದರು. ಡೆಟ್ರಾಯಿಟ್‌ನ ಫೆಡರಲ್ ನ್ಯಾಯಾಲಯದ ಹಳೆಯ ಪೌರತ್ವದ ಅರ್ಜಿಗಳಿಗಾಗಿ ಶಿಕಾಗೋದಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಶಾಖೆಗೆ ಬರೆಯಿರಿ.

ಹಾಸನದ ಓದುಗ:
ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಕೈಬಿಡಬೇಡಿ. ಆ ಕಾಲದ ಪಟ್ಟಿ ಎರಡು ಹಾಳೆಗಳದ್ದು. ಊರಿನಲ್ಲಿರುವ ಹತ್ತಿರದ ಬಂಧುವಿನ ಹೆಸರು, ವಿಳಾಸ ಒಂದರಲ್ಲಿದ್ದರೆ, ಎತ್ತರ, ಮೈಬಣ್ಣ, ಗುರುತಿನ ಮಚ್ಚೆ, ಹುಟ್ಟಿದ ಸ್ಥಳ ಇನ್ನೊಂದರಲ್ಲಿರುತ್ತವೆ. ಅನೇಕರು ಮೊದಲನೆಯದನ್ನಷ್ಟೇ ನೋಡಿ ಬಿಟ್ಟುಬಿಡುತ್ತಾರೆ. ಮೈಸೂರು ಕಡೆಯವರ ಹೆಸರಿನ ಮುಂದಿನ ಊರನ್ನೋ ತಂದೆಯ ಹೆಸರನ್ನೋ ಗುಮಾಸ್ತ ಕುಲನಾಮವೆಂದು ಬರೆದುಕೊಂಡಿರಬಹುದು. ಆದ್ದರಿಂದ ಊರಿನ ಹೆಸರನ್ನೇ ಕುಲನಾಮವಾಗಿ ಕೊಟ್ಟು ಹುಡುಕಿ. 1930 ಮತ್ತು 1940ರ ಜನಗಣತಿಯನ್ನೂ ನೋಡಿ. ಆಗ ಭಾರತೀಯರನ್ನು, ಯಾವ ಧರ್ಮದವರಾದರೂ, ‘ಹಿಂದೂ’ ಜನಾಂಗವೆಂದು ಬರೆದುಕೊಳ್ಳುತ್ತಿದ್ದರು. ಪೌರತ್ವದ ಅಂಕಣದಲ್ಲಿ ‘ಎಎಲ್’ ಎಂದಿದ್ದರೆ ವಿದೇಶೀಯ, ‘ಪಿಎ’ ಎಂದಿದ್ದರೆ ಮೊದಲ ಕಾಗದ ಸಲ್ಲಿಸಿದವರು ಎಂದರ್ಥ. ಹೆಸರಿನ ಕಾಗುಣಿತ ಎಷ್ಟೇ ಕೆಟ್ಟಿದ್ದರೂ, ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯಲ್ಲಿ ಈ ಗುರುತುಗಳನ್ನು ಹಿಡಿದು ಸೋಸಿದರೆ ಕೆಲವೇ ಮಂದಿ ಉಳಿಯುತ್ತಾರೆ.