‘ಅರವತ್ತರೊಳಗೆ’ ಎಂದರೆ ಅರವತ್ತೂ ಸೇರಿತೇ?

ನಮಸ್ಕಾರ. ಗದಗಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಮನೆಪಾಠ ಹೇಳುತ್ತೇನೆ. ಅಸಮತೆಗಳ (‘ಕಡಿಮೆ’, ‘ಹೆಚ್ಚು’ ಎಂಬ ಗುರುತಿರುವ ಹೇಳಿಕೆಗಳ) ನಕ್ಷೆ ಎಳೆಯುವ ಲೆಕ್ಕದಲ್ಲಿ ಅವರು ಎಡವುವುದು ಗಣಿತಕ್ಕಿಂತ ಹೆಚ್ಚಾಗಿ ಮಾತಿನಲ್ಲಿ. ಬಲ್ಲವರ ಸಲಹೆ ಬೇಕು.

ಮೊನ್ನೆ ಹೀಗೆ ಕೇಳಿದೆ: ಗಿರ್ಮಿಟ್ ತಟ್ಟೆಗೆ 20 ರೂಪಾಯಿ, ಮಿರ್ಚಿ ಒಂದಕ್ಕೆ 10, ಅರವತ್ತು ರೂಪಾಯಿಯೊಳಗೆ ತಿಂದು ಬರಬೇಕು, ನಕ್ಷೆ ಎಳೆಯಿರಿ. ಗಿರ್ಮಿಟ್ಟಿಗೆ ಗಿ, ಮಿರ್ಚಿಗೆ ಮಿ ಎಂದುಕೊಂಡು ಎಲ್ಲವನ್ನೂ ಹತ್ತರಿಂದ ಭಾಗಿಸಿದರೆ ಗೆರೆ 2ಗಿ + ಮಿ = 6; ಗಿ-ಅಕ್ಷವನ್ನು 3ರಲ್ಲಿ, ಮಿ-ಅಕ್ಷವನ್ನು 6ರಲ್ಲಿ ಮುಟ್ಟುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ. (ಅರ್ಧ ಮಿರ್ಚಿಯನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡೋಣ.) ಆದರೆ ಕೆಲವರು ಗೆರೆಯನ್ನು ಅಖಂಡವಾಗಿ ಎಳೆದರು, ಕೆಲವರು ತುಂಡುತುಂಡಾಗಿ. ಅಖಂಡ ಗೆರೆಯಿದ್ದರೆ ಗೆರೆಯ ಮೇಲಿನ ಬಿಂದುಗಳೂ ಉತ್ತರವೇ, ಗುರುತು ≤. ತುಂಡು ಗೆರೆಯಾದರೆ ಅವು ಹೊರಗೆ, ಗುರುತು <. ಒಂದು ‘ಒಳಗೆ’ಯಿಂದ ಎರಡು ನಕ್ಷೆಗಳಾದವು!

ತಪ್ಪು ಮಕ್ಕಳದಲ್ಲ. ‘ಹತ್ತು ಗಂಟೆಯೊಳಗೆ ಬಾ’ ಎಂದರೆ ಹತ್ತಕ್ಕೆ ಸರಿಯಾಗಿ ಬಂದವನನ್ನು ಯಾರೂ ಬೈಯುವುದಿಲ್ಲ. ‘ಐದು ವರ್ಷದೊಳಗಿನ ಮಕ್ಕಳಿಗೆ ಪೋಲಿಯೊ ಹನಿ’ ಎಂದರೆ ಐದು ತುಂಬಿದ ಮಗು ಹೊರಗುಳಿಯುತ್ತದೆ. ‘ವರೆಗೆ’ಯೂ ಇಂಥದ್ದೇ. ಹುಬ್ಬಳ್ಳಿಯವರೆಗೆ ಟಿಕೆಟ್ ತೆಗೆಸಿದರೆ ಹುಬ್ಬಳ್ಳಿ ಸೇರುತ್ತದೆ. ಬದುವಿನವರೆಗೆ ಹರಗು ಎಂದರೆ ಬದುವನ್ನು ಯಾರೂ ಹರಗುವುದಿಲ್ಲ.

‘ಗೆರೆಯ ಕೆಳಗಿದ್ದರೆ ಕಡಿಮೆ’ ಎಂಬ ಬಾಯಿಪಾಠ ಇನ್ನೊಂದು ಕಾಟ. ಗಿ − ಮಿ > 1 ಎಂಬಲ್ಲಿ ಗುರುತು ‘ಹೆಚ್ಚು’ ಎಂದಿದ್ದರೂ, ಮಿ-ಅಕ್ಷ ಲಂಬವಾಗಿದ್ದರೆ ಉತ್ತರದ ಭಾಗಕ್ಕೆ ಹಚ್ಚುವ ಬಣ್ಣ ಬರುವುದು ಗೆರೆಯ ಕೆಳಗೇ. ಅದಕ್ಕೇ ಮೂಲಬಿಂದುವನ್ನು ಇಟ್ಟು ನೋಡಿರಿ ಎನ್ನುತ್ತೇನೆ: ಸೊನ್ನೆಯಿಂದ ಸೊನ್ನೆ ಕಳೆದರೆ ಒಂದನ್ನು ಮೀರುವುದಿಲ್ಲ, ಆದ್ದರಿಂದ ಮೂಲಬಿಂದುವಿಲ್ಲದ ಕಡೆಗೆ ಬಣ್ಣ. ಗೆರೆಯೇ ಮೂಲಬಿಂದುವಿನ ಮೂಲಕ ಹೋದರೆ ಬೇರೆ ಬಿಂದು ಹಿಡಿಯಬೇಕು.

ಗುರುತುಗಳಿಗೂ ಈ ಗೊಂದಲ ನೀಗಲು ಸಮಯ ಹಿಡಿಯಿತು. ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್‌ನ < ಮತ್ತು > ಅಚ್ಚಾದದ್ದು 1631ರಲ್ಲಿ, ಆತ ತೀರಿಕೊಂಡ ಹತ್ತು ವರ್ಷಕ್ಕೆ. ಸಮವನ್ನೂ ಸೇರಿಸಿಕೊಂಡ ಗುರುತನ್ನು ಫ್ರಾನ್ಸಿನ ಪಿಯೆರ್ ಬೂಗೆ ಬಳಸಿದ್ದು 1734ರಲ್ಲಿ.

‘ಕಡಿಮೆ ಅಥವಾ ಸಮ’ ಎನ್ನುವುದು ಸರಿಯೇ, ಆದರೆ ಹಲಗೆಯ ಮುಂದೆ ನಿಂತು ಹತ್ತು ಸಲ ಹೇಳಲು ಉದ್ದ. ನಾನು ಈಗ < ಗುರುತಿಗೆ ‘60 ಮುಟ್ಟದ’, ≤ ಗುರುತಿಗೆ ‘60 ಮೀರದ’, ≥ ಗುರುತಿಗೆ ‘60ಕ್ಕಿಂತ ಇಳಿಯದ’ ಎನ್ನುತ್ತಿದ್ದೇನೆ. > ಗುರುತಿಗೆ ‘ಮೀರಿದ’ ಎಂದು ನೋಡಿದೆ. ಹಿಂದಿನ ಬೆಂಚಿಗೆ ‘ಮೀರದ’ ಎಂದೇ ಕೇಳಿಸಿತು. ‘ದಾಟಿದ’ ಆದೀತೇ? ಇಂಥ ಜೋಡಿಗಳನ್ನು ಯಾರಾದರೂ ಮೊದಲೇ ಬಳಸಿದ್ದೀರಾ?

ತುಂಡು ಗೆರೆಗೂ ಒಂದು ಹೆಸರು ಬೇಕು. ‘ಚುಕ್ಕಿಗೆರೆ’ ಎಂದರೆ ಮಕ್ಕಳು ನಿಜಕ್ಕೂ ಚುಕ್ಕಿ ಇಡುತ್ತಾರೆ. ಒಬ್ಬ ಹುಡುಗಿ ತನ್ನಷ್ಟಕ್ಕೇ ‘ಕೌದಿಗೆರೆ’ ಎಂದಳು. ಅಜ್ಜಿ ಕೌದಿಗೆ ಹಾಕುವ ದಾರದ ಹೊಲಿಗೆ ಥೇಟ್ ಹಾಗೆಯೇ ಇರುತ್ತದೆ. ನನಗಂತೂ ಹಿಡಿಸಿತು; ಕೌದಿ ಎಂದರೆ ಮೈಸೂರು, ಮಂಗಳೂರು ಕಡೆಯವರಿಗೆ ತಿಳಿಯುತ್ತದೆಯೇ?